ದೇವರಿಗೆ ಪೂರ್ಣಹೃದಯ: ಕ್ರೈಸ್ತ ಭಕ್ತಿಜೀವನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಚರ್ಚುಗಳಲ್ಲಿ ತಪಸ್ಸು ಕಾಲ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು) ಬಂದಾಗ, ರಿಟ್ರೀಟ್ (ಕೆಲವು ದಿನಗಳ ಧ್ಯಾನಕೂಟ) ಮುಗಿದ ಮೇಲೆ, ಮನೆಯಲ್ಲಿ ಕಾಯಿಲೆಯೋ ಕಲಹವೋ ಎದ್ದಾಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಕಥೊಲಿಕರಿಗೂ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮತ್ತು ಇತರ ಪ್ರೊಟೆಸ್ಟಂಟ್ ಸಭೆಯವರಿಗೂ ಉಪಯೋಗಕ್ಕೆ ಬರಲಿ ಎಂದು ಬರೆದದ್ದು. ಕ್ರಮ ಬೇರೆಯಾಗುವ ಕಡೆ ಬೇರೆಯಾಗಿಯೇ ಹೇಳಿದ್ದೇವೆ.

ಪೂರ್ಣಹೃದಯದಿಂದ ದೇವರನ್ನು ಪ್ರೀತಿಸುವುದು ಎಂದರೇನು? ಸಂಸಾರಸ್ಥರಿಗೆ ಅದು ಆಗುವ ಮಾತೇ?

ಎಲ್ಲ ಆಜ್ಞೆಗಳಲ್ಲಿ ಮೊದಲನೆಯದು ಯಾವುದು ಎಂದು ಶಾಸ್ತ್ರಿಯೊಬ್ಬ ಕೇಳಿದಾಗ ಯೇಸು ಹೊಸತೇನನ್ನೂ ಹೇಳಲಿಲ್ಲ. ಯೆಹೂದ್ಯರಿಗೆ ಬಾಯಿಪಾಠವಾಗಿದ್ದ ಧರ್ಮೋಪದೇಶಕಾಂಡ 6:4–5ನ್ನೇ ಎತ್ತಿ ಹೇಳಿದರು: ದೇವರು ಒಬ್ಬನೇ; ಆತನನ್ನು ಪೂರ್ಣ ಹೃದಯ, ಪೂರ್ಣ ಪ್ರಾಣ, ಪೂರ್ಣ ಬುದ್ಧಿ, ಪೂರ್ಣ ಶಕ್ತಿಯಿಂದ ಪ್ರೀತಿಸಬೇಕು (ಮಾರ್ಕ 12:29–30). ಬೆನ್ನಿಗೇ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬುದನ್ನೂ ಜೋಡಿಸಿದರು.

ಈ ಆಜ್ಞೆ ಮೂಲದಲ್ಲಿ ಯಾರಿಗೆ ಬಂದದ್ದು ನೋಡಿ. ಅದೇ ಅಧ್ಯಾಯದ ಮುಂದಿನ ವಚನಗಳಲ್ಲಿ ಮಕ್ಕಳಿಗೆ ಇದನ್ನು ಕಲಿಸಿರಿ, ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಾತಾಡಿರಿ, ಬಾಗಿಲ ನಿಲುವುಗಳ ಮೇಲೆ ಬರೆಯಿರಿ ಎಂದಿದೆ. ಮನೆ, ಮಕ್ಕಳು, ದಾರಿ, ಬಾಗಿಲು ಇರುವವರಿಗೆ ಹೇಳಿದ ಮಾತು ಅದು. ದೇವರನ್ನು ಸಂಪೂರ್ಣವಾಗಿ ಹಿಂಬಾಲಿಸಿದವನು ಎಂದು ಬೈಬಲ್ ಮತ್ತೆ ಮತ್ತೆ ಹೊಗಳುವ ಕಾಲೇಬ ಯಾಜಕನಲ್ಲ, ಪ್ರವಾದಿಯೂ ಅಲ್ಲ. 85ನೇ ವಯಸ್ಸಿನಲ್ಲಿ ಬೆಟ್ಟದ ಸೀಮೆ ಕೇಳಿ ಪಡೆದ ಗೃಹಸ್ಥ (ಯೆಹೋಶುವ 14).

ಹಾಗಾಗಿ ಪೂರ್ಣಹೃದಯವನ್ನು ದಿನಕ್ಕೆ ಎಷ್ಟು ಗಂಟೆ ಚರ್ಚಿನಲ್ಲಿದ್ದೆವು ಎಂಬುದರಿಂದ ಅಳೆಯಬೇಡಿ. ನಮ್ಮ ಬದುಕಿನ ಯಾವ ಭಾಗವನ್ನು ದೇವರ ಮಾತಿಗೆ ಸಿಗದಂತೆ ಎತ್ತಿಟ್ಟುಕೊಂಡಿದ್ದೇವೆ ಎಂದು ಕೇಳಿಕೊಳ್ಳಿ. ಈ ಪುಟದ ಉತ್ತರಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಇವೆ.

ಭಾನುವಾರ ತಪ್ಪಿಸುವುದಿಲ್ಲ, ಜಪಮಾಲೆಯೂ ಉಂಟು, ಕಾಣಿಕೆಯೂ ಕೊಡುತ್ತೇನೆ. ಇಷ್ಟು ಸಾಲದೇ?

ಇವೆಲ್ಲ ಒಳ್ಳೆಯವೇ, ಬಿಡಬೇಡಿ. ಆದರೆ ಯೆಹೂದದ ಅರಸ ಅಮಚ್ಯನ ಕಥೆಯನ್ನು ಒಮ್ಮೆ ನಿಧಾನವಾಗಿ ಓದಿ (2 ಪೂರ್ವಕಾಲವೃತ್ತಾಂತ 25). ಆತ ದೇವರ ದೃಷ್ಟಿಗೆ ಸರಿಯಾದದ್ದನ್ನೇ ಮಾಡಿದ, ಆದರೆ ಪೂರ್ಣಹೃದಯದಿಂದಲ್ಲ ಎಂದು ಎರಡನೇ ವಚನದಲ್ಲೇ ಬರೆದಿದೆ. ಆ ಕೊರತೆ ಎಲ್ಲಿ ಹೊರಬಿತ್ತು? ಯುದ್ಧಕ್ಕೆಂದು ನೂರು ತಲಾಂತು (ತೂಕದ ದೊಡ್ಡ ಅಳತೆ) ಬೆಳ್ಳಿ ಕೊಟ್ಟು ಇಸ್ರಾಯೇಲಿನಿಂದ ಒಂದು ಲಕ್ಷ ಸೈನಿಕರನ್ನು ಬಾಡಿಗೆಗೆ ತಂದಿದ್ದ. ಅವರನ್ನು ವಾಪಸು ಕಳಿಸು ಎಂದು ದೇವರ ಮನುಷ್ಯನೊಬ್ಬ ಬಂದು ಹೇಳಿದ. ಅಮಚ್ಯನ ಬಾಯಿಂದ ಮೊದಲು ಬಂದ ಮಾತು: ಹಾಗಾದರೆ ನಾನು ಕೊಟ್ಟ ನೂರು ತಲಾಂತಿನ ಗತಿ ಏನು? ಕೊನೆಗೆ ಕಳಿಸಿದ, ನಿಜ. ಗೆದ್ದೂ ಬಂದ. ಬರುವಾಗ ಸೋತವರ ವಿಗ್ರಹಗಳನ್ನು ಹೊತ್ತು ತಂದು ಅವುಗಳಿಗೇ ಅಡ್ಡಬಿದ್ದ.

ದೇವರ ಮಾತು ಕೇಳಿಸಿದ ತಕ್ಷಣ ನಮ್ಮಲ್ಲೂ ಇಂಥದ್ದೊಂದು ಲೆಕ್ಕ ತಲೆ ಎತ್ತುತ್ತದೆ. ಆ ಲೆಕ್ಕ ಯಾವುದರ ಬಗ್ಗೆಯೋ ಅಲ್ಲಿ ನಮ್ಮ ಹೃದಯ ಇನ್ನೂ ಪೂರ್ತಿ ಬಂದಿಲ್ಲ.

ನಾನು ಏನನ್ನು ಹಿಡಿದಿಟ್ಟುಕೊಂಡಿದ್ದೇನೆ ಎಂದು ತಿಳಿಯುವುದು ಹೇಗೆ?

ಕಣ್ಣು ಮುಚ್ಚಿ ಕೂತು ಆಲೋಚಿಸಿದರೆ ಮನಸ್ಸು ತನಗೆ ಬೇಕಾದ ಉತ್ತರವನ್ನೇ ಕೊಡುತ್ತದೆ. ಕಾಗದದ ಸಾಕ್ಷಿ ಇಟ್ಟುಕೊಂಡು ಕೂತುಕೊಳ್ಳಿ. ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ಫೋನಿನಲ್ಲಿ ಯಾವ ಆ್ಯಪಿಗೆ ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ ಎಂಬ ಲೆಕ್ಕ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ, ಅದನ್ನೂ ನೋಡಿ. ಮಾತು ಬಿಟ್ಟವರ ಹೆಸರು ಬರೆಯಿರಿ. ಮನೆಯವರಿಗೆ ಗೊತ್ತಾಗಬಾರದು ಎಂದು ಮಾಡುತ್ತಿರುವುದು ಏನಾದರೂ ಇದ್ದರೆ ಅದನ್ನೂ ಬರೆಯಿರಿ, ಆಮೇಲೆ ಹರಿದು ಹಾಕಿದರಾಯಿತು. ಒಂದು ಗಂಟೆ ಸಾಕು.

ಹೆಚ್ಚಿನವರಲ್ಲಿ ಸಿಗುವುದು ನಾಲ್ಕೇ ವಿಷಯ: ಹಣ, ದ್ವೇಷ, ದೇಹದ ಚಪಲ, ಒಳ್ಳೆಯ ಹೆಸರಿನ ಆಸೆ. ಕೊನೆಯದು ಹಿಡಿಯಲು ಬಲು ಕಷ್ಟ. ಚರ್ಚಿನ ಕೆಲಸದಲ್ಲಿ ಮುಂದೆ ನಿಲ್ಲುವವರಲ್ಲಿ ಅದು ಸೇವೆಯ ವೇಷದಲ್ಲಿ ಇರುತ್ತದೆ. ನಿಮ್ಮ ಹೆಸರು ಹೇಳದೆ ಬೇರೆಯವರಿಗೆ ಧನ್ಯವಾದ ಹೇಳಿದ ದಿನ ರಾತ್ರಿ ಮನಸ್ಸು ಹೇಗಿತ್ತು ಎಂದು ನೆನಪಿಸಿಕೊಂಡರೆ ತಿಳಿಯುತ್ತದೆ.

ಸಿಕ್ಕಿದ್ದನ್ನೆಲ್ಲ ಒಂದೇ ವಾರದಲ್ಲಿ ಸರಿಮಾಡಲು ಹೊರಡಬೇಡಿ. ಒಂದನ್ನು ಆರಿಸಿ, ಯಾರಾದರೂ ನಂಬಿಕಸ್ಥರಿಗೆ ಹೇಳಿ. ಕಥೊಲಿಕರಿಗೆ ಪಾಪನಿವೇದನೆ ಉಂಟು. ವರ್ಷಕ್ಕೊಮ್ಮೆಯಾದರೂ ಕಡ್ಡಾಯ ಎಂಬುದು ನಿಯಮ, ಆದರೆ ಒಂದು ದುರಭ್ಯಾಸದ ಜೊತೆ ಹೋರಾಡುವವರು ತಿಂಗಳಿಗೊಮ್ಮೆ, ಸಾಧ್ಯವಾದರೆ ಒಬ್ಬರೇ ಗುರುಗಳ ಬಳಿ ಹೋಗುವುದು ಒಳ್ಳೆಯದು. ಪ್ರೊಟೆಸ್ಟಂಟರು ಪಾಸ್ಟರರ ಬಳಿಯೋ ಸಭೆಯ ಹಿರಿಯರೊಬ್ಬರ ಬಳಿಯೋ ಯಾಕೋಬ 5:16ರ ಪ್ರಕಾರ ಒಪ್ಪಿಕೊಂಡು ಪ್ರಾರ್ಥನೆ ಮಾಡಿಸಿಕೊಳ್ಳಬಹುದು. ಹೇಳುವವರೆಗೆ ಆ ವಿಷಯ ನಿಮ್ಮ ಕೈಯಲ್ಲಿದೆ ಎಂದು ಅನಿಸುತ್ತಿರುತ್ತದೆ. ಹೇಳಲು ಬಾಯಿ ತೆರೆದಾಗಲೇ ಅದು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ಗೊತ್ತಾಗುವುದು.

ಬೆಳಗಿನ ಪ್ರಾರ್ಥನೆ ಎಷ್ಟು ಹೊತ್ತು? ಏನು ಮಾಡಬೇಕು?

ಇಪ್ಪತ್ತು ನಿಮಿಷದಿಂದ ಶುರುಮಾಡಿ. ಮೊದಲ ದಿನವೇ ಒಂದು ಗಂಟೆ ಎಂದು ಹೊರಟವರು ಎರಡನೇ ವಾರಕ್ಕೆ ಕೈಬಿಡುತ್ತಾರೆ. ದಿನಾ ಒಂದೇ ಜಾಗ, ಒಂದೇ ಹೊತ್ತು ಇರಲಿ. ಫೋನು ಬೇರೆ ಕೋಣೆಯಲ್ಲಿರಲಿ. ಅಲಾರ್ಮಿಗೆ ಹತ್ತಿಪ್ಪತ್ತು ನಿಮಿಷದ ಅಡುಗೆಮನೆ ಟೈಮರ್ ಅಥವಾ ಗೋಡೆ ಗಡಿಯಾರ ಸಾಕು. ಬೈಬಲನ್ನು ಫೋನಿನಲ್ಲೇ ಓದುತ್ತೇನೆ ಎನ್ನುವವರಿಗೆ ನಮ್ಮ ಸಲಹೆ: ಬೆಳಗಿನ ಹೊತ್ತಿಗೆ ಮಾತ್ರ ಪುಸ್ತಕವೇ ಇರಲಿ. ಓದುತ್ತಿರುವಾಗ ಮೇಲಿನಿಂದ ಇಳಿಯುವ ಒಂದು ವಾಟ್ಸ್‌ಆ್ಯಪ್ ಸಂದೇಶ ಸಾಕು, ಪ್ರಾರ್ಥನೆ ಅಲ್ಲಿಗೆ ಮುಗಿಯಿತು.

ಎರಡು ನಿಮಿಷ ಸುಮ್ಮನೆ ಕೂತು ಯಾರ ಎದುರು ಇದ್ದೇನೆ ಎಂದು ನೆನೆಯಿರಿ. ಆಮೇಲೆ ಒಂದು ಕೀರ್ತನೆಯನ್ನು ಮೆಲುದನಿಯಲ್ಲಿ ಬಾಯಿಬಿಟ್ಟು ಓದಿ. ದಿನಕ್ಕೊಂದರಂತೆ 150 ಕೀರ್ತನೆ ಐದು ತಿಂಗಳಲ್ಲಿ ಒಂದು ಸುತ್ತು ಬರುತ್ತವೆ. 119ನೆಯದು ಮಾತ್ರ 176 ವಚನ. ಅದು ಎಂಟೆಂಟು ವಚನಗಳ 22 ಭಾಗವಾಗಿಯೇ ಇದೆ, ಹಾಗೆಯೇ ಓದಿ. ನಂತರ ಸುವಾರ್ತೆಯಿಂದ ಎಂಟರಿಂದ ಹನ್ನೆರಡು ವಚನ, ಎರಡು ಸಲ. ಮೊದಲ ಸಲ ಏನಾಯಿತು ಎಂದು, ಎರಡನೇ ಸಲ ಇದರಲ್ಲಿ ನಾನು ಯಾರು ಎಂದು. ಇಲ್ಲಿಗೆ ಹತ್ತು ಹನ್ನೆರಡು ನಿಮಿಷ ಆಗಿರುತ್ತದೆ. ಉಳಿದದ್ದು ಮಾತು: ಸ್ತೋತ್ರ, ನಿನ್ನೆಯ ತಪ್ಪು, ಮನೆಯವರು, ಕಷ್ಟದಲ್ಲಿರುವ ಇಬ್ಬರು ಮೂವರ ಹೆಸರು, ಈ ದಿನ ಮಾಡಬೇಕಾದ ಕೆಲಸಗಳು. ಕೊನೆಗೆ ಒಂದೇ ಒಂದು ತೀರ್ಮಾನ. ಅದು ಸಂಜೆ ಆಯಿತೋ ಇಲ್ಲವೋ ಎಂದು ಹೇಳಲು ಬರುವಂತಿರಬೇಕು. ಎಲ್ಲರನ್ನೂ ಪ್ರೀತಿಸುತ್ತೇನೆ ಎಂಬುದು ತೀರ್ಮಾನವಲ್ಲ. ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಆ ಸಹೋದ್ಯೋಗಿಯ ಜೊತೆ ಕೂರುತ್ತೇನೆ ಎಂಬುದು ತೀರ್ಮಾನ.

ರಾತ್ರಿ ಐದರಿಂದ ಎಂಟು ನಿಮಿಷದ ಆತ್ಮಪರೀಕ್ಷೆ ಇದರ ಜೋಡಿ. ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಕ್ರಮದಲ್ಲಿ ಐದು ಹಂತ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆಗಂಟೆಯಾಗಿ ನೋಡುವುದು, ಕ್ಷಮೆ, ನಾಳೆಯ ನಿಶ್ಚಯ. ಪ್ರೊಟೆಸ್ಟಂಟರಿಗೂ ಇದರಲ್ಲಿ ಅಡ್ಡಿಯಾಗುವಂಥದ್ದು ಏನಿಲ್ಲ. ಮಲಗಿಕೊಂಡು ಮಾಡಿದರೆ ಮೂರನೇ ಹಂತದಲ್ಲೇ ನಿದ್ದೆ, ಕೂತು ಮಾಡಿ.

ಕಣ್ಣು ಮುಚ್ಚಿದ ಕೂಡಲೇ ಮನಸ್ಸು ಎಲ್ಲೆಲ್ಲೋ ಓಡುತ್ತದೆ.

ಎಲ್ಲರಿಗೂ ಓಡುತ್ತದೆ. ಓಡಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಂಡರೆ ಅದು ಎರಡನೇ ಓಟ. ಎರಡು ಕೆಲಸ ಮಾಡಿ. ಗ್ಯಾಸ್ ಬುಕ್ ಮಾಡಬೇಕು, ಫೀಸು ಕಟ್ಟಬೇಕು ಎಂಬಂಥವನ್ನು ಪಕ್ಕದ ಚೀಟಿಯಲ್ಲಿ ಬರೆದುಬಿಡಿ. ಅದೇ ಚಿಂತೆ ಮೂರನೇ ಸಲ ಬಂದರೆ ಅದನ್ನೇ ಪ್ರಾರ್ಥನೆಯ ವಿಷಯ ಮಾಡಿ. ಬಹುಶಃ ಅದೇ ಇವತ್ತಿನ ಪ್ರಾರ್ಥನೆ. ಕೂತರೆ ಆಗದವರು ಅಂಗಳದಲ್ಲಿ ನಡೆಯುತ್ತಾ ಮಾಡಬಹುದು. ‘ನಿನ್ನ ನಾಮಕ್ಕೆ ಭಯಪಡುವಂತೆ ನನ್ನ ಹೃದಯವನ್ನು ಒಂದುಗೂಡಿಸು’ ಎಂಬ ಅರ್ಥದ ಬೇಡಿಕೆ ಕೀರ್ತನೆ 86:11ರಲ್ಲಿದೆ. ಚದುರಿದ ಹೃದಯವನ್ನು ಕೂಡಿಸಿಕೊಡು ಎಂದು ಕೇಳಬೇಕಾಗಿ ಬಂದದ್ದು ದಾವೀದನಿಗೇ.

ಬೈಬಲ್ ಪೂರ್ತಿ ಓದಬೇಕೆ?

ಓದಬೇಕು, ಅವಸರ ಬೇಡ. ಪ್ರೊಟೆಸ್ಟಂಟ್ ಬೈಬಲಿನ 66 ಪುಸ್ತಕಗಳಲ್ಲಿ 1,189 ಅಧ್ಯಾಯ. ದಿನಕ್ಕೆ ಮೂರ್ನಾಲ್ಕು ಅಧ್ಯಾಯದಂತೆ ವರ್ಷಕ್ಕೆ ಮುಗಿಯುತ್ತದೆ. ಕಥೊಲಿಕ ಬೈಬಲಿನಲ್ಲಿ 73 ಪುಸ್ತಕಗಳಿರುವುದರಿಂದ ಇನ್ನು ಸ್ವಲ್ಪ ಹೆಚ್ಚು. ಹೊಸಬರಿಗೆ ಇದು ಭಾರ. ಮಾರ್ಕನ 16 ಅಧ್ಯಾಯ ಮೊದಲು, ದಿನಕ್ಕೊಂದು. ಆಮೇಲೆ ಇಡೀ ಹೊಸ ಒಡಂಬಡಿಕೆ. ಅದು 260 ಅಧ್ಯಾಯ, ವಾರಕ್ಕೆ ಐದು ಓದಿದರೆ ಒಂದು ವರ್ಷ, ಶನಿವಾರ ಭಾನುವಾರ ತಪ್ಪಿದ್ದನ್ನು ತುಂಬಿಸಿಕೊಳ್ಳಲು. ಆದಿಕಾಂಡದಿಂದ ಹುರುಪಿನಲ್ಲಿ ಹೊರಟವರು ನಿಲ್ಲುವುದು ಸಾಮಾನ್ಯವಾಗಿ ಯಾಜಕಕಾಂಡದಲ್ಲಿ.

ನಮ್ಮದು ಶಿಫ್ಟ್ ಕೆಲಸ. ಬೆಳಿಗ್ಗೆ ಎಂಬುದೇ ಇಲ್ಲ.

ಆಸ್ಪತ್ರೆಯ ನರ್ಸುಗಳು, ಮಲ್ಪೆ ಬಂದರಿನ ಬೋಟಿನವರು, ಗಲ್ಫಿನಲ್ಲಿರುವವರು ಕೇಳುವ ಪ್ರಶ್ನೆ ಇದು. ಗಡಿಯಾರದ ಹೊತ್ತಿಗೆ ಬದಲು ದಿನಾ ತಪ್ಪದ ಒಂದು ಕೆಲಸಕ್ಕೆ ಪ್ರಾರ್ಥನೆಯನ್ನು ಕಟ್ಟಿ. ನೈಟ್ ಡ್ಯೂಟಿ ಮುಗಿಸಿ ಬಂದವರು ಸ್ನಾನದ ನಂತರ, ಮಲಗುವ ಮೊದಲು ಹತ್ತು ನಿಮಿಷ. ಉಳಿದ ಹತ್ತು ಎದ್ದ ಮೇಲೆ. ವಾರ್ಡಿನಲ್ಲಿ ಚಾರ್ಜ್ ವಹಿಸಿಕೊಳ್ಳುವಾಗ ಒಂದೊಂದು ಬೆಡ್ಡಿನ ಹೆಸರು ಓದುವಾಗಲೇ ಆ ರೋಗಿಯನ್ನು ಮನಸ್ಸಿನಲ್ಲೇ ದೇವರಿಗೆ ಒಪ್ಪಿಸಬಹುದು. ಅದಕ್ಕೆ ಹೆಚ್ಚಿನ ಸಮಯ ಬೇಕಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ.

ಭಾನುವಾರ ಡ್ಯೂಟಿ ಇರುವ ಕಥೊಲಿಕರಿಗೆ ಶನಿವಾರ ಸಂಜೆಯ ಬಲಿಪೂಜೆ (ಮಾಸ್) ಭಾನುವಾರದ್ದಾಗಿಯೇ ಸಲ್ಲುತ್ತದೆ. ಕಡಲಿನಲ್ಲಿರುವಾಗ ಹೋಗಲು ಸಾಧ್ಯವಿಲ್ಲದಿದ್ದರೆ ಅದು ಪಾಪವಲ್ಲ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವ 61 ದಿನಗಳು ಬೋಟಿನವರಿಗೆ ಸಿಗುವ ದೊಡ್ಡ ಅವಕಾಶ. ಬಲೆ ನೇಯುವ ಕೆಲಸ ಇರುತ್ತದೆ, ಆದರೂ ರಾತ್ರಿ ಮನೆಯಲ್ಲಿರುತ್ತಾರೆ. ಒಂದು ಸುವಾರ್ತೆಯನ್ನು ಮನೆಮಂದಿಯ ಜೊತೆ ಪೂರ್ತಿ ಓದಲು ಆ ಎರಡು ತಿಂಗಳು ಧಾರಾಳ.

ಕುಟುಂಬ ಪ್ರಾರ್ಥನೆಗೆ ಗಂಡ ಬರುವುದಿಲ್ಲ, ಮಕ್ಕಳು ಮುಖ ಸಿಂಡರಿಸುತ್ತಾರೆ.

ಪ್ರಾರ್ಥನೆಯ ಉದ್ದ ನೋಡಿ. ಹಗಲೆಲ್ಲ ದುಡಿದು ಬಂದವರಿಗೆ, ಹಸಿದ ಮಕ್ಕಳಿಗೆ ಮುಕ್ಕಾಲು ಗಂಟೆ ಮೊಣಕಾಲೂರಿ ಎಂದರೆ ಆಗದು. ಐದು ದಶಕದ (ಹತ್ತು ಹತ್ತು ಮಣಿಗಳ ಐದು ಭಾಗದ) ಜಪಮಾಲೆಗೆ ಸುಮಾರು ಇಪ್ಪತ್ತು ನಿಮಿಷ ಬೇಕು. ಅದರ ಹಿಂದೆ ಲಿತಾನಿ ಎಂಬ ಸರಣಿ ಪ್ರಾರ್ಥನೆ, ಅದರ ಹಿಂದೆ ಹತ್ತು ಸಂತರ ಪ್ರಾರ್ಥನೆ ಸೇರಿದರೆ ಎಂಟು ವರ್ಷದ ಹುಡುಗ ಗೋಡೆಗೆ ಒರಗಿ ನಿದ್ದೆ ಹೋಗಿರುತ್ತಾನೆ, ಅಮ್ಮನ ಕಣ್ಣು ಅವನ ಮೇಲೆ, ಅಜ್ಜಿಯ ಕಣ್ಣು ಅಮ್ಮನ ಮೇಲೆ. ಮಕ್ಕಳು ಚಿಕ್ಕವರಿರುವಾಗ ಒಂದೇ ದಶಕ ಸಾಕು, ನಾಲ್ಕು ನಿಮಿಷ. ಪ್ರೊಟೆಸ್ಟಂಟ್ ಮನೆಗಳಲ್ಲಿ ಒಂದು ಹಾಡು, ಹತ್ತು ವಚನ, ಕರ್ತನ ಪ್ರಾರ್ಥನೆ. ಊಟಕ್ಕೆ ಮೊದಲೇ ಮುಗಿಸಿ. ನಡೆಸುವ ಸರದಿ ಮಕ್ಕಳಿಗೂ ಬರಲಿ, ಯಾವ ಹಾಡು ಎಂದು ಅವರೇ ಆರಿಸಲಿ.

ಎಲ್ಲಕ್ಕಿಂತ ಕೆಟ್ಟದ್ದು ಪ್ರಾರ್ಥನೆಯ ಮೂಲಕ ಬೈಯುವುದು: ದೇವರೇ, ಈ ಮನೆಯಲ್ಲಿ ಕುಡಿಯುವವರಿಗೆ ಬುದ್ಧಿ ಕೊಡು ಎಂದು ಗಂಡನಿಗೆ ಕೇಳಿಸುವ ಹಾಗೆ ಹೇಳುವುದು. ಅವರು ಮರುದಿನ ಆ ಹೊತ್ತಿಗೆ ಮನೆಗೇ ಬರುವುದಿಲ್ಲ. ಬರದವರನ್ನು ಬಲವಂತ ಮಾಡಬೇಡಿ, ಬಾಗಿಲನ್ನೂ ಮುಚ್ಚಬೇಡಿ. ಅವರಿಗೆ ಕೇಳಿಸುವಷ್ಟು ದೂರದಲ್ಲಿ, ಅವರಿಗಾಗಿ ಸ್ತೋತ್ರ ಮಾಡುವ ಒಂದು ಮಾತನ್ನೂ ಸೇರಿಸಿ ಮುಗಿಸಿ.

ಅಣ್ಣನ ಜೊತೆ ಜಾಗದ ತಕರಾರು ಕೋರ್ಟಿನಲ್ಲಿದೆ. ಮಾತಿಲ್ಲ. ನಾನು ಪರಮಪ್ರಸಾದ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸಬಹುದೇ?

ನಮ್ಮ ಕರಾವಳಿಯಲ್ಲಿ ಪೂರ್ಣಹೃದಯಕ್ಕೆ ಅಡ್ಡ ನಿಲ್ಲುವ ವಿಷಯಗಳಲ್ಲಿ ಇದೇ ದೊಡ್ಡದು ಎಂದು ನಮ್ಮ ಅಭಿಪ್ರಾಯ. ಒಂದೇ ತೊಟ್ಟಿಲಲ್ಲಿ ಬೆಳೆದವರು ಐದು ಸೆಂಟ್ಸ್ ಜಾಗಕ್ಕಾಗಿ ತಂದೆಯ ಶವಸಂಸ್ಕಾರದಲ್ಲೂ ಎದುರುಬದುರು ಬೆಂಚಿನಲ್ಲಿ ಕೂರುತ್ತಾರೆ. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಹೋಗಿ ಮೊದಲು ಸಹೋದರನ ಜೊತೆ ಸಮಾಧಾನ ಮಾಡಿಕೊ ಎಂದು ಯೇಸು ಹೇಳಿದ್ದಾರೆ (ಮತ್ತಾಯ 5:23–24). ಅಲ್ಲಿ ಸಹೋದರನ ಮೇಲೆ ನಿನಗೆ ದೂರಿದ್ದರೆ ಎಂದಿಲ್ಲ, ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದಿದೆ. ಹೊರಡಬೇಕಾದವರು ನೀವು.

ನ್ಯಾಯವಾದ ಪಾಲು ಕೇಳುವುದು ಪಾಪವಲ್ಲ. ವ್ಯಾಜ್ಯ ಇರುವುದರಿಂದಲೇ ಯಾರಿಗೂ ಪ್ರಸಾದ ನಿಂತುಹೋಗುವುದಿಲ್ಲ. ಸುಳ್ಳು ಸಾಕ್ಷಿ, ಸುಳ್ಳು ದಾಖಲೆ, ಅಣ್ಣ ಹಾಳಾಗಲಿ ಎಂಬ ಹಾರೈಕೆ ಇವು ಬೇರೆ ಮಾತು; ಅವನ್ನು ಇಟ್ಟುಕೊಂಡು ಬಲಿಪೀಠದ ಹತ್ತಿರ ಹೋಗಬಾರದು. ನಿಮ್ಮ ಸಂದರ್ಭವನ್ನು ಗುರುಗಳ ಹತ್ತಿರವೋ ಪಾಸ್ಟರರ ಹತ್ತಿರವೋ ಪೂರ್ತಿ ಹೇಳಿ ಕೇಳಿಕೊಳ್ಳಿ.

ಕೆಲಸಕ್ಕೆ ಬಂದಿರುವ ಕ್ರಮ ಹೀಗೆ. ಮೊದಲು ಒಂದು ತಿಂಗಳು ಅಣ್ಣ, ಅತ್ತಿಗೆ, ಅವರ ಮಕ್ಕಳ ಹೆಸರು ಹೇಳಿ ದಿನಾ ಪ್ರಾರ್ಥಿಸಿ. ಅವರ ಬುದ್ಧಿ ಬದಲಾಗಲಿ ಎಂದಲ್ಲ, ಅವರಿಗೆ ಒಳ್ಳೆಯದಾಗಲಿ ಎಂದು. ಜೊತೆಗೆ ಅವರ ಬಗ್ಗೆ ಮೂರನೆಯವರ ಹತ್ತಿರ ಮಾತಾಡುವುದನ್ನು ನಿಲ್ಲಿಸಿ. ಆಮೇಲೆ ಕಾಯಿಲೆ, ಹಬ್ಬ, ಮಗುವಿನ ಪರೀಕ್ಷೆ ಇಂಥ ಒಂದು ನೆಪದಲ್ಲಿ ಎರಡು ನಿಮಿಷದ ಫೋನು. ಜಾಗದ ಮಾತು ಎತ್ತಲೇ ಬಾರದು. ಮೂರ್ನಾಲ್ಕು ಸಲ ಹೀಗಾದ ಮೇಲೆ ಮುಖಾಮುಖಿ, ಇಬ್ಬರೇ (ಮತ್ತಾಯ 18:15). ಅದಾದ ಮೇಲೆಯೇ ಇಬ್ಬರೂ ಒಪ್ಪುವ ಹಿರಿಯರೊಬ್ಬರು, ಇಬ್ಬರೂ ಅರ್ಧರ್ಧ ಫೀಸು ಕೊಟ್ಟು ಕರೆಸುವ ಸರ್ವೇಯರ್.

ಕೆಡುವುದು ಎಲ್ಲಿ ಎಂದರೆ, ನೀನು ಮಾಡಿದ್ದು ತಪ್ಪಾದರೂ ನಾನು ಕ್ಷಮಿಸಿದ್ದೇನೆ ಎಂಬ ಮಾತಿನಿಂದ ಶುರುಮಾಡಿದಾಗ. ಫ್ಯಾಮಿಲಿ ಗ್ರೂಪಿನಲ್ಲಿ ಉದ್ದದ ಕ್ಷಮಾಪಣೆ ಹಾಕಿದಾಗಲೂ ಕೆಡುತ್ತದೆ. ಅದು ಅಣ್ಣನಿಗಿಂತ ನೋಡುವವರಿಗಾಗಿ ಬರೆದಂತೆ ಕಾಣುತ್ತದೆ. ನಿಮ್ಮ ಕಡೆಯಿಂದ ಆಗುವುದನ್ನೆಲ್ಲ ಮಾಡಿಯೂ ಅವರು ಬಾಗಿಲು ತೆರೆಯದಿದ್ದರೆ ರೋಮಾಪುರದವರಿಗೆ 12:18 ನಿಮಗೆ ಸಮಾಧಾನ: ಸಾಧ್ಯವಾದರೆ, ನಿಮ್ಮಿಂದ ಆಗುವಷ್ಟು. ಹೊಡೆತ, ಹಿಂಸೆ ಇದ್ದ ಸಂಬಂಧಕ್ಕೆ ಈ ಕ್ರಮ ಅನ್ವಯಿಸುವುದಿಲ್ಲ. ಅಲ್ಲಿ ಕ್ಷಮೆ ಎಂದರೆ ಮತ್ತೆ ಅವರ ಕೈಗೆ ಸಿಗುವುದು ಎಂದಲ್ಲ.

ದಶಮಾಂಶ ಕಡ್ಡಾಯವೇ? ಸಾಲ ಇದೆ, ಸಂಬಳ ಸಾಲುವುದಿಲ್ಲ.

ಕಥೊಲಿಕ ಧರ್ಮಸಭೆಯಲ್ಲಿ ಹತ್ತನೇ ಒಂದು ಎಂಬ ಕಡ್ಡಾಯ ಇಲ್ಲ. ಶಕ್ತಿಯಿದ್ದಷ್ಟು ಧರ್ಮಸಭೆಯ ಅಗತ್ಯಗಳಿಗೆ ಕೊಡಬೇಕು ಎಂಬುದಿದೆ. ಅನೇಕ ಪ್ರೊಟೆಸ್ಟಂಟ್ ಸಭೆಗಳು ದಶಮಾಂಶವನ್ನು ಕಲಿಸುತ್ತವೆ. ಎರಡರಲ್ಲೂ ಮುಖ್ಯ, ಮೊದಲ ಪಾಲು ತೆಗೆದಿಡುವುದು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಮರಿಯಮ್ಮನವರ ಜನ್ಮದಿನದ ತೆನೆಹಬ್ಬ) ನಮಗೆ ಕಲಿಸುವುದು ಇದನ್ನೇ: ಗದ್ದೆಯ ಮೊದಲ ತೆನೆ ಚರ್ಚಿಗೆ ಹೋಗಿ ಆಶೀರ್ವಾದ ಪಡೆದು ಬಂದ ಮೇಲೆ ಮನೆಯವರೆಲ್ಲ ಸೇರಿ ಹೊಸ ಅಕ್ಕಿ ಉಣ್ಣುತ್ತಾರೆ. ತಿಂದು ಉಳಿದದ್ದನ್ನು ಯಾರೂ ಬಲಿಪೀಠಕ್ಕೆ ಒಯ್ಯುವುದಿಲ್ಲ.

ಸಂಬಳ ಜಮೆಯಾದ ದಿನವೇ ತೆಗೆದಿಡಿ. 25,000 ರೂಪಾಯಿ ಬರುವವರಿಗೆ ಹತ್ತನೇ ಒಂದು ಎಂದರೆ 2,500. ಅದು ಈಗ ಆಗದು ಎಂದಾದರೆ 500ರಿಂದ ಶುರುಮಾಡಿ, ಆರು ತಿಂಗಳಿಗೊಮ್ಮೆ ಏರಿಸಿ. ಸಾಲ ಮಾಡಿ ಕೊಡಬೇಡಿ. ಸಂಘದ ಕಂತು, ಅಂಗಡಿಯ ಬಾಕಿ, ಕೆಲಸದವರ ಕೂಲಿ ನಿಲ್ಲಿಸಿ ಕೊಡಬೇಡಿ. ಅದು ಬೇರೆಯವರ ಹಣ. ಜಕ್ಕಾಯ ಬಡವರಿಗೆ ಅರ್ಧ ಆಸ್ತಿ ಎಂದದ್ದರ ಜೊತೆಗೇ ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ (ಲೂಕ 19:8). ಯಾರಿಗಾದರೂ ಮೋಸ ಮಾಡಿದ ಹಣ ನಿಮ್ಮಲ್ಲಿದ್ದರೆ ಅದು ಮೊದಲು ಅವರ ಮನೆಗೆ ಹೋಗಬೇಕು, ಚರ್ಚಿನ ಹೊಸ ಗಂಟೆಗೆ ಅಲ್ಲ.

ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಯೇಸು ಕೂತು ನೋಡುತ್ತಿದ್ದರು. ಐಶ್ವರ್ಯವಂತರು ಬಹಳ ಹಾಕಿದರು, ಬಡ ವಿಧವೆ ಎರಡು ಚಿಕ್ಕ ನಾಣ್ಯ ಹಾಕಿದಳು (ಮಾರ್ಕ 12:41–44). ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಬಹುದಿತ್ತು. ಒಂದು ಹಾಕಿದ್ದರೂ ಅರ್ಧ ಆಸ್ತಿ ಕೊಟ್ಟಂತಾಗುತ್ತಿತ್ತು.

ಉಪವಾಸದ ಕ್ರಮ ಏನು?

ಕಥೊಲಿಕರಿಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ ಕಡ್ಡಾಯ: ಒಂದು ಪೂರ್ಣ ಊಟ, ಬೇಕಾದರೆ ಎರಡು ಚಿಕ್ಕ ಆಹಾರ. 18 ತುಂಬಿದವರಿಂದ 59 ತುಂಬುವವರೆಗೆ. ಮಾಂಸ ವರ್ಜನೆ 14 ತುಂಬಿದವರಿಂದ. ಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು. ನೀರು, ಔಷಧಿಗೆ ಅಡ್ಡಿಯಿಲ್ಲ. ಪ್ರೊಟೆಸ್ಟಂಟರು ತಮ್ಮ ತಮ್ಮ ಸಭೆಯ ರೂಢಿಯಂತೆ ಮಾಡುತ್ತಾರೆ.

ನಮ್ಮ ಊರಿನ ಒಂದು ತೊಡಕು ಹೇಳಲೇಬೇಕು. ಶುಕ್ರವಾರ ಕೋಳಿ ಬಿಟ್ಟು ಅಂಜಲ್ ಮೀನಿನ ಫ್ರೈ ತಿಂದರೆ ನಿಯಮ ಮುರಿಯುವುದಿಲ್ಲ, ಆದರೆ ಖರ್ಚೂ ರುಚಿಯೂ ಎರಡು ಪಟ್ಟು. ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ ಮಾಡಿ. ಉಳಿದ ಹಣವನ್ನು ಲೆಕ್ಕ ಹಾಕಿ ಅದೇ ವಾರ ಹಸಿದವರಿಗೆ ತಲುಪಿಸಿ. ಯೆಶಾಯ 58 ಕೇಳುವ ಉಪವಾಸ ಅದು. ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು ಊಟ ಬಿಡಬಾರದು. ಅವರು ಸಕ್ಕರೆ ಹಾಕಿದ ಚಹಾ, ಸೀರಿಯಲ್, ರೀಲ್ಸ್ ಇಂಥ ಬೇರೆ ಏನನ್ನಾದರೂ ಬಿಡಲಿ.

ಹರಕೆ ಹೊತ್ತಿದ್ದೆವು, ತೀರಿಸಲು ಆಗಿಲ್ಲ.

ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಾಕ್ಕೆ ಜನವರಿಯ ಹಬ್ಬದಲ್ಲಿ ಬರುವ ಸಾವಿರಾರು ಜನರಲ್ಲಿ ಹರಕೆಯವರೇ ಬಹಳ. ಕೃತಜ್ಞತೆಯ ಹರಕೆ ಒಳ್ಳೆಯದು. ಕೆಲಸ ಆದರೆ ಕೊಡುತ್ತೇನೆ, ಆಗದಿದ್ದರೆ ಇಲ್ಲ ಎಂಬುದು ವ್ಯಾಪಾರವಾಗುತ್ತದೆ. ಹರಕೆ ಹೊರದಿದ್ದರೆ ಪಾಪವಿಲ್ಲ, ಹೊತ್ತರೆ ತಡಮಾಡದೆ ತೀರಿಸು ಎನ್ನುತ್ತದೆ ಧರ್ಮೋಪದೇಶಕಾಂಡ 23:21–23. ನಿಜವಾಗಿಯೂ ಆಗದ ಹರಕೆಯಾದರೆ ಹೆದರಿಕೊಂಡು ಕೂರಬೇಡಿ. ಕಥೊಲಿಕರಲ್ಲಿ ನಿಮ್ಮ ಧರ್ಮಕೇಂದ್ರದ ಗುರುಗಳಿಗೇ ಖಾಸಗಿ ಹರಕೆಯಿಂದ ಸರಿಯಾದ ಕಾರಣಕ್ಕೆ ವಿನಾಯಿತಿ ಕೊಡುವ ಅಧಿಕಾರ ಇದೆ.

ಅಡುಗೆ, ಆಫೀಸು, ಅಂಗಡಿ ಕೆಲಸವೂ ಭಕ್ತಿಯಾಗಬಹುದೇ?

ಕೊಲೊಸ್ಸೆಯವರಿಗೆ 3:23ರಲ್ಲಿ ಪೌಲನು ಮನುಷ್ಯರಿಗಲ್ಲ, ಕರ್ತನಿಗೆಂದೇ ಮನಃಪೂರ್ವಕವಾಗಿ ಮಾಡಿರಿ ಎಂದದ್ದು ದಾಸರಿಗೆ, ಬೇಸರದ ಕೆಲಸ ಮಾಡುವವರಿಗೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿಗಳ ಚಿತ್ರಗಳನ್ನು 1899ರಿಂದ ಬರೆದ ಅಂತೋನಿಯೊ ಮೊಸ್ಕೇನಿ ಪಾದ್ರಿಯಾಗಿರಲಿಲ್ಲ, ಯೇಸುಸಭೆ ಎಂಬ ಸನ್ಯಾಸಿ ಸಂಘದ ಬ್ರದರ್ ಆಗಿದ್ದರು. ಪ್ರವಚನ ಕೊಡದೆ ಕುಂಚ ಹಿಡಿದೇ ಸೇವೆ ಮಾಡಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆ ಪ್ರಾರ್ಥನಾಲಯಗಳ ಜೊತೆಗೆ ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೂ ದುಡಿಮೆ ಮತ್ತು ಭಕ್ತಿ ಒಂದೇ ಮನೆಯವು ಎಂಬ ನಂಬಿಕೆಯಿಂದ.

ದಿನನಿತ್ಯದ ಪರೀಕ್ಷೆ ಸರಳ: ತೂಕ ಸರಿ ಇದೆಯೇ, ಹೇಳಿದ ದಿನಕ್ಕೆ ಕೊಟ್ಟಿದ್ದೇವೆಯೇ, ಕೆಳಗಿನವರ ಸಂಬಳ ಸಮಯಕ್ಕೆ ಹೋಗಿದೆಯೇ, ಯಜಮಾನರು ನೋಡದಿರುವಾಗ ಕೆಲಸ ಹೇಗಿದೆ. ಕ್ಯಾಶ್ ಕೌಂಟರಿನ ಮೇಲೆ ಯೇಸುವಿನ ಪಟ ಇಟ್ಟು ಬಿಲ್ಲಿಲ್ಲದೆ ಮಾರುವುದು ಹೊಂದುವುದಿಲ್ಲ.

ಚರ್ಚಿನ ಸೇವೆಯಲ್ಲೇ ಇರುತ್ತೇನೆ, ಮನೆಯವರಿಗೆ ಸಮಾಧಾನವಿಲ್ಲ.

ಅವರ ಮಾತಿಗೆ ಕಿವಿಗೊಡಿ. ತಂದೆತಾಯಿಗೆ ಕೊಡಬೇಕಾದದ್ದನ್ನು ದೇವರಿಗೆ ಮೀಸಲು ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಖಂಡಿಸಿದರು (ಮಾರ್ಕ 7:9–13). ಗಾಯನಮಂಡಳಿ, ಪಾಲನಾ ಮಂಡಳಿ, ಪ್ರಾರ್ಥನಾ ಕೂಟ, ಹಬ್ಬದ ಕಮಿಟಿ ಎಂದು ವಾರದಲ್ಲಿ ಮೂರಕ್ಕಿಂತ ಹೆಚ್ಚು ಸಂಜೆ ಹೊರಗಿದ್ದರೆ ಒಂದನ್ನು ಬಿಡಿ. ಯಾವುದನ್ನು ಬಿಡಲು ಮನಸ್ಸು ಒಪ್ಪುವುದಿಲ್ಲವೋ ಅದನ್ನೇ ಮೊದಲು ಪರಿಶೀಲಿಸಿ.

ಬೇರೆ ಧರ್ಮದ ನೆರೆಯವರಿಂದ ದೂರ ಇರಬೇಕೆ?

ಬೇಡ. ಮೊದಲ ಆಜ್ಞೆಗೆ ಜೋಡಿಸಿದ ಎರಡನೆಯದು ನೆರೆಯವನ ಬಗ್ಗೆಯೇ ಇದೆ, ಒಳ್ಳೆಯ ನೆರೆಯವನ ಉದಾಹರಣೆಯಾಗಿ ಯೇಸು ಆರಿಸಿದ್ದು ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನನ್ನು. ನಿಮ್ಮ ಆರಾಧನೆ ಕ್ರಿಸ್ತನಿಗೆ. ನಿಮ್ಮ ಸ್ನೇಹ, ಸಹಾಯ, ಕಷ್ಟದಲ್ಲಿ ಓಡಿಹೋಗುವುದು ಎಲ್ಲರಿಗೆ.

ರಿಟ್ರೀಟಿನಲ್ಲಿ ಕಣ್ಣೀರು ಬಂತು. ಎರಡು ತಿಂಗಳಾದ ಮೇಲೆ ಏನೂ ಅನಿಸುತ್ತಿಲ್ಲ. ದೇವರು ಬಿಟ್ಟರೇ?

ಬಿಟ್ಟಿಲ್ಲ. ಕಣ್ಣೀರು ವರ, ಅದರ ಮೇಲೆ ಯಾರೂ ಸಂಸಾರ ನಡೆಸುವುದಿಲ್ಲ. ಮದುವೆಯ ವಾರದ ಸಂಭ್ರಮ ಹತ್ತು ವರ್ಷ ಇರದಿದ್ದರೂ ದಾಂಪತ್ಯ ಗಟ್ಟಿಯಾಗುತ್ತಾ ಹೋಗುವ ಹಾಗೆಯೇ ಇದು. ಒಣಗಿದ ಕಾಲದಲ್ಲಿ ಪ್ರಾರ್ಥನೆಯ ಹೊತ್ತನ್ನು ಉದ್ದ ಮಾಡಲೂ ಬೇಡಿ, ಕಡಿಮೆ ಮಾಡಲೂ ಬೇಡಿ. ಸ್ವಂತ ಮಾತು ಬರದಿದ್ದರೆ ಕೀರ್ತನೆಗಳ ಮಾತನ್ನೇ ಬಳಸಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ದೇವರ ವಾಕ್ಯವೇ.

ಆದರೆ ಕಾರಣ ಹುಡುಕಿ. ನಿದ್ದೆ ಕಡಿಮೆಯಾಗಿದೆಯೇ? ಬಿಟ್ಟಿದ್ದ ಪಾಪ ಮರಳಿದೆಯೇ? ಮರಳಿದ್ದರೆ ಮತ್ತೆ ಒಪ್ಪಿಕೊಂಡು ಎದ್ದೇಳಿ, ಮುಂದಿನ ರಿಟ್ರೀಟಿಗೆ ಕಾಯಬೇಡಿ. ಎಲೀಯ ಸಾಯಬೇಕು ಎಂದು ಜಾಲಿ ಗಿಡದ ಕೆಳಗೆ ಮಲಗಿದಾಗ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟ, ಮತ್ತೊಮ್ಮೆ ಎಬ್ಬಿಸಿ ತಿನ್ನಿಸಿದ (1 ಅರಸುಗಳು 19). ಎರಡು ವಾರಕ್ಕಿಂತ ಹೆಚ್ಚು ಕಾಲ ಊಟ, ನಿದ್ದೆ, ಕೆಲಸ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕು ಸಾಕು ಅನಿಸಿದರೆ ಅದು ಖಿನ್ನತೆಯಾಗಿರಬಹುದು. ವೈದ್ಯರನ್ನು ಕಾಣಿ. ಮಾತ್ರೆ ತೆಗೆದುಕೊಳ್ಳುವುದು ನಂಬಿಕೆಯ ಕೊರತೆಯಲ್ಲ. ಸಾಯುವ ಯೋಚನೆ ಬಂದರೆ ಆ ದಿನವೇ ಮನೆಯವರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ.

ಅಮ್ಮ ಹಾಸಿಗೆ ಹಿಡಿದಿದ್ದಾರೆ. ಚರ್ಚಿಗೆ ಹೋಗಲಾಗುವುದಿಲ್ಲ ಎಂದು ಅಳುತ್ತಾರೆ.

ಚರ್ಚಿನ ಆಫೀಸಿಗೆ ತಿಳಿಸಿ. ಕಥೊಲಿಕರ ಮನೆಗೆ ಗುರುಗಳೋ ನೇಮಿತರಾದ ಸೇವಕರೋ ಪ್ರಸಾದ ತರುತ್ತಾರೆ. ಹಾಸಿಗೆ ಪಕ್ಕದ ಚಿಕ್ಕ ಮೇಜಿಗೆ ಬಿಳಿ ಬಟ್ಟೆ ಹಾಸಿ, ಶಿಲುಬೆ, ಮೇಣದ ಬತ್ತಿ, ಒಂದು ಲೋಟ ನೀರು ಇಟ್ಟಿರಿ. ರೋಗಿಗೂ ನೋಡಿಕೊಳ್ಳುವವರಿಗೂ ಒಂದು ಗಂಟೆಯ ಉಪವಾಸದ ನಿಯಮ ಇಲ್ಲ. ರೋಗಿಗಳ ಅಭ್ಯಂಗವನ್ನು (ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಕೊನೆಯ ಉಸಿರಿನವರೆಗೆ ಮುಂದೂಡಬೇಡಿ, ಅವರಿಗೆ ಎಚ್ಚರವಿರುವಾಗಲೇ ಕೇಳಿ. ಸಿಎಸ್‌ಐ ಸಭೆಗಳಲ್ಲೂ ಪಾಸ್ಟರರು ಮನೆಗೆ ಬಂದು ಕರ್ತನ ಭೋಜನ ಕೊಡುತ್ತಾರೆ.

ಕೆಲಸವನ್ನೂ ಕೊಡಿ. ಪ್ರಾರ್ಥಿಸಬೇಕಾದ ಐದು ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ಪರೀಕ್ಷೆ ಬರೆಯುವ ಮೊಮ್ಮಗಳು, ಪಕ್ಕದ ಮನೆಯ ಡಯಾಲಿಸಿಸ್ ರೋಗಿ, ಮಾತು ಬಿಟ್ಟ ದೊಡ್ಡ ಮಗ. ವಾರಕ್ಕೊಮ್ಮೆ ಏನಾಯಿತು ಎಂದು ಅವರಿಗೆ ಬಂದು ಹೇಳಿ, ಪಟ್ಟಿ ಬದಲಿಸಿ.